ಡೆಲ್ಫೀನ್ ಮೇಬ್ರಿಯ ಹಾಜರಿ ಪುಟ

ಸೈನ್ಯದಲ್ಲಿದ್ದಷ್ಟು ಕಾಲ ಡೆಲ್ಫೀನ್ ಮೇಬ್ರಿಗೆ ಮೆತ್ತಗೆ ಕಾಣಬೇಕಾದ ಅಗತ್ಯ ಬಿದ್ದಿರಲಿಲ್ಲ. ಇಪ್ಪತ್ತು ವರ್ಷ ಸಾಮಾನು ಸಾಗಿಸುವ ಲಾರಿಗಳ ದಳದಲ್ಲಿ ದುಡಿದು, ಸಾರ್ಜೆಂಟ್ ಆಗಿ, ಒಂದು ಸೊಂಟನೋವನ್ನೂ ಒಂದು ಸಣ್ಣ ಪಿಂಚಣಿಯನ್ನೂ ಗಳಿಸಿಕೊಂಡು ಜಾರ್ಜಿಯಾದ ತನ್ನ ಊರು ಟೋಲರ್ಸ್ ಮಿಲ್‌ಗೆ ವಾಪಸಾದಳು. ತಾಯಿ ತೀರಿಹೋಗಿದ್ದರಿಂದ ತಾಯಿಯ ತಂಗಿ ಓಪಲ್ ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಇಳಿದುಕೊಂಡಳು. ಚಿಕ್ಕಮ್ಮ ಬಾಡಿಗೆ ಕೇಳಲಿಲ್ಲ, ಕೊಟ್ಟರೂ ಮುಟ್ಟಲಿಲ್ಲ. ಡೆಲ್ಫೀನಳಿಗೆ ಚುಚ್ಚುತ್ತಿದ್ದುದು ಬೇರೆ. ಒಂದು ಕಾಲದಲ್ಲಿ ಮೂವತ್ತು ಜನರನ್ನು ಒಂದು ಕೂಗಿಗೆ ಎಬ್ಬಿಸುತ್ತಿದ್ದ ಹೆಂಗಸಿನ ಅಂಗಿಯನ್ನು ಈಗ ಪ್ರತಿ ಇಂಟರ್‌ವ್ಯೂಗೆ ಮುಂಚೆ ಎಪ್ಪತ್ತೆಂಟು ವರ್ಷದ ಮುದುಕಿ ಇಸ್ತ್ರಿ ಮಾಡಿಕೊಡುತ್ತಿದ್ದಳು.

ಕೆಲಸ ಸಿಗುವುದು ಕಷ್ಟವಾಗಲಾರದು ಎಂದೇ ಅವಳು ಎಣಿಸಿದ್ದಳು. ಊರಿನ ಪ್ರತಿ ಅಂಗಡಿಯ ಗಾಜಿನ ಮೇಲೂ 'ನಮ್ಮ ಸೈನಿಕರಿಗೆ ಕೃತಜ್ಞತೆ' ಎಂಬ ಹಾಳೆ ಇರುತ್ತದೆ. ಕೃತಜ್ಞತೆಗೆ ನಿಜಕ್ಕೂ ಕೊರತೆಯಾಗಲಿಲ್ಲ. ಮಂಚ ಕುರ್ಚಿ ಮಾರುವ ಅಂಗಡಿಯ ಯಜಮಾನ ಎದ್ದು ನಿಂತು, ಕೈ ಕುಲುಕಿ ಕೃತಜ್ಞತೆ ಹೇಳಿದ. ಕೋಳಿ ಕಾರ್ಖಾನೆಯ ಹೆಂಗಸು ಕಣ್ಣಲ್ಲಿ ನೀರು ತಂದುಕೊಂಡು ಕೃತಜ್ಞತೆ ಹೇಳಿದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವರು ಒಳ್ಳೆಯ ಕಾಗದದ ಮೇಲೆ ಪತ್ರ ಬರೆದು ಕೃತಜ್ಞತೆ ಹೇಳಿದರು. ಕೆಲಸವನ್ನು ಮಾತ್ರ ಯಾರೂ ಕೊಡಲಿಲ್ಲ.

ಯಾಕೆ ಎಂದು ಹೇಳಿದವನು ಬ್ರೈಸ್. ಸೈನ್ಯದಿಂದ ಬಂದವರಿಗೆ ಕೆಲಸ ಹುಡುಕಿಕೊಡುವ ಸರಕಾರಿ ಕಚೇರಿಯಲ್ಲಿ ಕೂರುತ್ತಿದ್ದ ಸಾಧು ಮನುಷ್ಯ. ಕೊರಳ ಟೈನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವನು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ಅದರಲ್ಲಿ ಅವಳದೇ ಫೇಸ್‌ಬುಕ್ ಪುಟ ತೆರೆದಿತ್ತು.

"ನೀವು ಒಳ್ಳೇವ್ರು ಅಂತ ನನಗೆ ಗೊತ್ತು ಮೇಡಂ. ಆದ್ರೆ ಅವ್ರು ಮೊದಲು ನಿಮ್ಮನ್ನ ನೋಡಲ್ಲ. ಇದನ್ನ ನೋಡ್ತಾರೆ."

"ಇದ್ರಲ್ಲೇನಿದೆ? ಬೆಳಗಿನ ಹಾಜರಿ, ಅಷ್ಟೆ."

"ನೀವು ಮಂಚದ ಅಂಗಡಿ ಯಜಮಾನ್ರು ಅಂದ್ಕೊಳ್ಳಿ. ನಾನು ಓದ್ತೀನಿ, ಕೇಳಿ." ಅವನು ಗಂಟಲು ಸರಿಮಾಡಿಕೊಂಡ. "'ಹಾಜರಿ. ಯಾರ್ಯಾರು ಬದುಕಿದೀರಿ, ಹೇಳಿ.' ಇದು ನೀವು. ದಿನಾ ಬೆಳಿಗ್ಗೆ ಬರೀತೀರಿ. ಕೆಳಗೆ ರಿವಾಸ್ ಅನ್ನೋರು: 'ಬದುಕಿದೀನಿ, ಯಾರಿಗೂ ಹೇಳ್ಬೇಡ, ಬ್ಯಾಂಕಿನವ್ರು ಹುಡುಕ್ತಿದಾರೆ.' ಇನ್ನೊಬ್ರು: 'ಹೆಂಡ್ತಿ ಇವತ್ತೂ ಕೊಂದಿಲ್ಲ, ಅವಳಿಗೆ ಕೈ ನೋವಂತೆ.' ಇದ್ಯಾರು, ಲೊಮ್ಯಾಕ್ಸ್ ಟೈರ್ ಅಂಗಡಿ? 'ಇದ್ದೀನಿ. ನಾಲ್ಕು ಟೈರ್ ಕೊಂಡ್ರೆ ಅಲೈನ್‌ಮೆಂಟ್ ಪುಕ್ಕಟೆ.'"

ಡೆಲ್ಫೀನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬ್ರೈಸ್ ನಗಲಿಲ್ಲ. ಅವನು ನಗದಿರುವುದನ್ನು ಕಂಡು ಅವಳ ನಗೆ ಅರ್ಧಕ್ಕೇ ನಿಂತಿತು.

"ಓದಿದೋರು ಏನಂದ್ಕೋತಾರೆ?"

"ಯುದ್ಧ ತಲೇಗೆ ಹತ್ತಿದೆ ಅಂದ್ಕೋತಾರೆ. ಅಂಗಡೀಲಿ ಯಾರಾದ್ರೂ ತಟ್ಟೆ ಬೀಳಿಸಿದ್ರೆ ಇವಳು ಮೇಜಿನ ಕೆಳಗೆ ತೂರ್ಕೋತಾಳೆ ಅಂತ."

"ನನ್ನ ಸೊಂಟಕ್ಕೆ ಮೇಜಿನ ಕೆಳಗೆ ತೂರೋಕಾಗಲ್ಲ ಅಂತ ಹೇಳಿ ಅವ್ರಿಗೆ."

"ಫೋಟೋನೂ ಒಂದ್ಸಲ ನೋಡಿ ಮೇಡಂ."

ಅವಳು ನೋಡಿದಳು. ಮರಳುಗಾಡಿನ ಬಿಸಿಲಲ್ಲಿ ಬಂದೂಕು ಹಿಡಿದು ನಿಂತ ಫೋಟೋ. ಅವತ್ತು ಅವಳು ಸಂತೋಷವಾಗಿದ್ದಳು, ಮನೆಯಿಂದ ಒಂದು ಡಬ್ಬ ಉಪ್ಪುಗಡಲೆ ಬಂದಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹಲ್ಲು ಬಿಟ್ಟಿದ್ದಳು. ಈಗ ಮಂಚದ ಅಂಗಡಿಯವನ ಕಣ್ಣಿನಿಂದ ನೋಡಿದಾಗ, ಈ ಹೆಂಗಸಿನ ಕೈಗೆ ಒಂದು ತಲೆದಿಂಬು ಮಾರಲೂ ತಾನು ಹೆದರುತ್ತೇನೆ ಎಂದು ಅವಳಿಗೇ ಅನ್ನಿಸಿತು.

ಹಾಜರಿಯ ಹಿಂದೆ ಒಂದು ಕಾರಣವಿತ್ತು. ಅದನ್ನು ಬ್ರೈಸ್‌ಗೆ ಹೇಳಿದಳು, ಅಂಗಡಿಯವರಿಗೆಲ್ಲ ಹೋಗಿ ಹೇಳುವಂತಿರಲಿಲ್ಲ. ಯುದ್ಧದ ರಸ್ತೆಯಲ್ಲಿ ಲಾರಿಗಳು ಸಾಲಾಗಿ ಹೋಗುವಾಗ ಅವಳು ವೈರ್‌ಲೆಸ್ಸಿನಲ್ಲಿ ಒಂದೊಂದು ಲಾರಿಯನ್ನೇ ಕರೆಯುತ್ತಿದ್ದಳು. ಪ್ರತಿಯೊಂದೂ ಉತ್ತರ ಕೊಡಬೇಕು. ಒಂದು ಕೊಡದಿದ್ದರೆ ಎಲ್ಲವೂ ನಿಲ್ಲಬೇಕು. ಕೊನೆಯ ಲಾರಿ ಟೀಸ್ಲಿ ಎಂಬವನದು. ಅವನು ಎಂದೂ ಉತ್ತರ ತಪ್ಪಿಸಿದವನಲ್ಲ. ಎಲ್ಲರೂ ಮನೆ ಸೇರಿದ ಮೇಲೆ, ಓಹಾಯೋದಲ್ಲಿ ಒಬ್ಬನೇ ಇದ್ದ ಟೀಸ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ಬಾಗಿಲ ಮುಂದಿನ ಡಬ್ಬಿಯಲ್ಲಿ ಅಂಚೆ ತುಂಬಿ ನೆಲಕ್ಕೆ ಬೀಳುವವರೆಗೆ ಯಾರಿಗೂ ತಿಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನ ಸ್ಮಶಾನದ ಹೊರಗೆ ಕಾರುಗಳ ನಡುವೆ ನಿಂತು ಅವರೆಲ್ಲ ಒಂದು ತೀರ್ಮಾನಕ್ಕೆ ಬಂದರು. ಸಾರ್ಜೆಂಟ್ ದಿನವೂ ಬೆಳಿಗ್ಗೆ ಹಾಜರಿ ಕರೆಯಬೇಕು. ಮಧ್ಯಾಹ್ನದೊಳಗೆ ಯಾರ ಉತ್ತರ ಬರುವುದಿಲ್ಲವೋ ಅವರಿಗೆ ಹತ್ತಿರವಿರುವವನು ಹೋಗಿ ಬಾಗಿಲು ತಟ್ಟಬೇಕು. ತೆಗೆಯದಿದ್ದರೆ ಒಡೆಯಬೇಕು. ಒಡೆಯಬೇಕು ಎಂಬ ಮಾತನ್ನು ಸೇರಿಸಿದವಳು ಡೆಲ್ಫೀನ್.

"ಪುಟಾನ ಹೊರಗಿನೋರಿಗೆ ಕಾಣದ ಹಾಗೆ ಮುಚ್ಚಿಟ್ಕೊಳ್ಳಿ" ಎಂದ ಬ್ರೈಸ್.

"ಮುಚ್ಚಿದ್ರೆ ಲೊಮ್ಯಾಕ್ಸ್‌ಗೆ ಕಾಣಲ್ಲ. ಇದೇ ಊರೋನು, ಸ್ವಂತ ಹೆಸರು ಕೊಡಲ್ಲ, ಅಂಗಡಿ ಹೆಸರಲ್ಲೇ ಬರ್ತಾನೆ, ಅಂಗಡೀನ ಗೆಳೆಯರ ಪಟ್ಟಿಗೆ ಸೇರಿಸೋಕಾಗಲ್ಲ. ಇನ್ನಿಬ್ರು ಲೈಬ್ರರಿ ಕಂಪ್ಯೂಟರಲ್ಲಿ ನೋಡ್ತಾರೆ. ಫೋನಲ್ಲಿ ಮಾಡಿ ನೋಡಿದ್ವಿ, ತಿಂಗಳಿಗೊಬ್ಬರ ನಂಬರ್ ಬದಲಾಗತ್ತೆ, ಇಲ್ಲಾ ದುಡ್ಡು ಕಟ್ಟಿಲ್ಲ ಅಂತ ಕಡಿದಿರ್ತಾರೆ."

ಬ್ರೈಸ್ ಯೋಚಿಸಿದ. "ಹಾಗಾದ್ರೆ ಅದರ ನಡುವೆ ಮೆತ್ತಗಿರೋದು ಏನಾದ್ರೂ ಹಾಕಿ. ಅಡುಗೆ, ಹೂವು, ಬೆಕ್ಕು, ಇಂಥವು."

ಮನೆಗೆ ಬಂದು ಹೇಳಿದಾಗ ಓಪಲ್ ಚಿಕ್ಕಮ್ಮನಿಗೆ ಬಹಳ ಹುರುಪು ಬಂತು.

"ಅಡುಗೇನೇ ಮಾಡು ಮಗಾ. ಮಜ್ಜಿಗೆ ಬಿಸ್ಕತ್ತು ಮಾಡು. ಬಿಸ್ಕತ್ತು ಮಾಡೋ ಹೆಂಗಸಿಗೆ ಯಾರೂ ಹೆದರಲ್ಲ."

"ನನಗೆ ಬರಲ್ಲ ಚಿಕ್ಕಮ್ಮ."

"ಹಿಟ್ಟು, ಬೆಣ್ಣೆ, ಮಜ್ಜಿಗೆ. ಲಾರಿ ಚಕ್ರ ಬದಲಾಯಿಸೋಳಿಗೆ ಇದೇನು ಕಷ್ಟ?"

ಕಷ್ಟವಿತ್ತು. ಜಾರ್ಜಿಯಾ ಕಡೆಯ ಬಿಸ್ಕತ್ತು ದಪ್ಪಗೆ ಉಬ್ಬಿ, ಮುರಿದರೆ ಪದರ ಪದರವಾಗಿ ಬಿಡಿಸಿಕೊಳ್ಳಬೇಕು. ಹಿಟ್ಟನ್ನು ಹೆಚ್ಚು ನಾದಬಾರದು ಎಂದು ಚಿಕ್ಕಮ್ಮ ಎರಡು ಸಲ ಹೇಳಿದಳು. ಡೆಲ್ಫೀನ್ ಹೊಸದಾಗಿ ಸೇರಿದ ಸೈನಿಕರನ್ನು ನಾದುವಂತೆ ನಾದಿದಳು. ಒಲೆಯಿಂದ ಹೊರಬಂದದ್ದನ್ನು ಚಿಕ್ಕಮ್ಮ ಚಮಚದಿಂದ ತಟ್ಟಿ ನೋಡಿದಳು, ಟಣ್ ಎಂದಿತು.

"ಫೋಟೋದಲ್ಲಿ ಸದ್ದು ಕೇಳಲ್ಲ, ಹಾಕು" ಎಂದಳು.

ಹಾಕಿದಳು. ರಿವಾಸ್ ಟೆಕ್ಸಾಸ್‌ನಲ್ಲಿದ್ದ, ಆದರೆ ಅವನ ನಾಲಿಗೆಗೆ ದೂರವೆಂಬುದಿರಲಿಲ್ಲ. 'ಇದು ಆಗ ನಮ್ಮ ಹತ್ರ ಇದ್ದಿದ್ರೆ ಯುದ್ಧ ಎರಡೇ ದಿನಕ್ಕೆ ಮುಗೀತಿತ್ತು' ಎಂದು ಬರೆದ. ಹೆಂಡತಿಯ ಕೈನೋವಿನವನು 'ದೂರದಿಂದ ಎಸೆಯೋದೋ, ನೆಲದಲ್ಲಿ ಹೂಳೋದೋ?' ಎಂದು ಕೇಳಿದ. ಮಾರನೆಯ ದಿನ ಚಿಕ್ಕಮ್ಮನ ಬೆಕ್ಕನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡಳು. ಬೆಕ್ಕು ಅವಳ ಮೊಣಕೈಯನ್ನು ಪರಚಿತು. ಫೋಟೋದಲ್ಲಿ ಅವಳು ಬೆಕ್ಕನ್ನು ಸೆರೆಹಿಡಿದು ಒಪ್ಪಿಸಲು ತಂದವಳ ಹಾಗಿದ್ದಳು. 'ಕೈದಿ ಬಾಯಿ ಬಿಟ್ನಾ?' ಎಂದು ಲೊಮ್ಯಾಕ್ಸ್ ಟೈರ್ ಅಂಗಡಿ ವಿಚಾರಿಸಿತು.

ಹೀಗೆ ಅವಳ ಪುಟ ಮೆತ್ತಗಾಗಲು ಹೋಗಿ ಮೊದಲಿಗಿಂತ ಗಡುಸಾಯಿತು.

ಅಷ್ಟರಲ್ಲಿ ಗ್ಯಾಡಿಸ್ ಬಸ್ ಕಂಪನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ಶಾಲೆಯ ಮಕ್ಕಳನ್ನು ಒಯ್ಯುವ ಹಳದಿ ಬಸ್ಸುಗಳ ಕಂಪನಿ. ಬೆಳಗಾಗುವ ಮುಂಚೆ ಕಚೇರಿಗೆ ಬಂದು ಬಸ್ಸುಗಳನ್ನು ಹೊರಡಿಸಿ, ಅವು ತಿರುಗುವಷ್ಟು ಹೊತ್ತೂ ವೈರ್‌ಲೆಸ್ಸಿನ ಮುಂದೆ ಕೂತು ಡ್ರೈವರುಗಳ ಜೊತೆ ಮಾತಾಡುವವರು ಬೇಕಾಗಿತ್ತು. ಡೆಲ್ಫೀನ್ ಅವರ ಜಾಹೀರಾತನ್ನು ನಿಂತುಕೊಂಡೇ ಓದಿ ಅರ್ಜಿ ಹಾಕಿದ್ದಳು. ಬೇರೆ ಕೆಲಸಗಳನ್ನು ಅವಳು ಸಿಕ್ಕರೆ ಸಾಕೆಂದು ಕೇಳಿದ್ದಳು, ಇದನ್ನು ಮಾತ್ರ ಬೇಕೆಂದು ಕೇಳಿದ್ದಳು. ಊರಲ್ಲಿ ತನಗೆಂದೇ ಅಳತೆ ತೆಗೆದು ಹೊಲಿದಂಥ ಕೆಲಸ ಇದೊಂದೇ. ಇದೂ ಕೈತಪ್ಪಿದರೆ ಚಿಕ್ಕಮ್ಮನ ಇಸ್ತ್ರಿಪೆಟ್ಟಿಗೆಯನ್ನೇ ನೋಡುತ್ತ ಮುದುಕಿಯಾಗಬೇಕು ಎಂದುಕೊಂಡಳು.

ಇಂಟರ್‌ವ್ಯೂ ದಿನ ಬೆಳಿಗ್ಗೆ, ಹಾಜರಿ ಕರೆಯುವುದಕ್ಕೆ ಮುಂಚೆಯೇ, ಅವಳು ಒಂದು ಜಾಣತನ ಮಾಡಿದಳು. ಪುಟವನ್ನೇ ಇಡಿಯಾಗಿ ಮರೆಮಾಡಿದಳು. ಅರ್ಧ ದಿನದ ಮಟ್ಟಿಗೆ ಅಷ್ಟೆ, ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ತೆರೆದರಾಯಿತು. ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ರಿವಾಸ್ ವಾರವಿಡೀ ಹಂಗಿಸುತ್ತಿದ್ದ. ಇಂಟರ್‌ವ್ಯೂಗೆ ಹೋಗುವಾಗ ಫೋನ್ ಆರಿಸಿಡಿ ಎಂದು ಬ್ರೈಸ್ ಹೇಳಿದ್ದನ್ನು ನೆನಪಿಟ್ಟು ಅದನ್ನೂ ಆರಿಸಿದಳು. ಚಿಕ್ಕಮ್ಮ ಕೂದಲು ಸುರುಳಿ ಮಾಡಿಸಿಕೊಳ್ಳಲು ಹೊರಟಿದ್ದಳು, ಮನೆಗೆ ಬೀಗ ಬಿತ್ತು. ಇಷ್ಟು ವರ್ಷ ದಿನವೂ ಇತರರ ಹಾಜರಿ ತೆಗೆದುಕೊಂಡವಳಿಗೆ, ಆ ನಿಯಮ ತನಗೂ ಅನ್ವಯಿಸುತ್ತದೆ ಎಂಬುದು ಹೊಳೆಯಲೇ ಇಲ್ಲ. ಸಾರ್ಜೆಂಟುಗಳ ಬುದ್ಧಿಯೇ ಹಾಗೆ. ನಿಯಮ ಬರೆದ ಮೇಲೆ ತಾವು ಅದರ ಹೊರಗೆ ನಿಂತಿದ್ದೇವೆ ಎಂದುಕೊಳ್ಳುತ್ತಾರೆ.

ಬಸ್ಸೊಂದು ಕೆಟ್ಟು ನಿಂತದ್ದರಿಂದ ಯಜಮಾನ ಗ್ಯಾಡಿಸ್ ತಡವಾಗಿ ಬಂದ. ಹನ್ನೆರಡು ಹೊಡೆದು ಸ್ವಲ್ಪ ಹೊತ್ತಾದ ಮೇಲೆ ಅವಳನ್ನು ಒಳಗೆ ಕರೆದರು. ಗ್ಯಾಡಿಸ್ ದೊಡ್ಡ ಹೊಟ್ಟೆಯ, ಹಲ್ಲುಕಡ್ಡಿ ಕಚ್ಚಿಕೊಂಡೇ ಇರುವ ಮನುಷ್ಯ. ಪಕ್ಕದಲ್ಲಿ ಕಚೇರಿ ನೋಡಿಕೊಳ್ಳುವ ಮಿಸೆಸ್ ಪ್ರೂವಿಟ್. ಆಕೆಯ ಕನ್ನಡಕ ಸರಪಳಿಯಲ್ಲಿ ಎದೆಯ ಮೇಲೆ ತೂಗುತ್ತಿತ್ತು. ಆಕೆಯ ಮುಂದೆ ಕೆಲವು ಹಾಳೆಗಳಿದ್ದವು. ಮೇಲಿನ ಹಾಳೆಯಲ್ಲಿ ಬೆಕ್ಕು ಕಾಣುತ್ತಿತ್ತು.

ಡೆಲ್ಫೀನ್ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ನಗೆಯನ್ನು ತೊಟ್ಟುಕೊಂಡಳು.

"ಹೋದ ವಾರ ನಿಮ್ಮ ಪುಟ ನೋಡಿದ್ದೆ" ಎಂದರು ಮಿಸೆಸ್ ಪ್ರೂವಿಟ್. "ಇವತ್ತು ಬೆಳಿಗ್ಗೆ ಯಜಮಾನರಿಗೆ ತೋರಿಸೋಣ ಅಂತ ಹೋದ್ರೆ ಇಲ್ಲ. ಎಲ್ಲಿ ಹೋಯ್ತು?"

"ಅದು... ರಿಪೇರಿ ಮಾಡ್ತಿದೀನಿ ಮೇಡಂ."

"ಪುಟಾನ?"

"ಹೌದು ಮೇಡಂ. ಸುಣ್ಣ ಬಣ್ಣ."

ಗ್ಯಾಡಿಸ್ ಹಲ್ಲುಕಡ್ಡಿಯನ್ನು ಬಾಯಿಯ ಇನ್ನೊಂದು ಮೂಲೆಗೆ ದಾಟಿಸಿದ.

"ಇರ್ಲಿ. ನಾನು ಪ್ರಿಂಟು ತೆಗೆದಿಟ್ಟಿದ್ದೆ." ಮಿಸೆಸ್ ಪ್ರೂವಿಟ್ ಕನ್ನಡಕ ಏರಿಸಿದರು. "ಈ 'ಯಾರ್ಯಾರು ಬದುಕಿದೀರಿ' ಅನ್ನೋದು ಏನು?"

ನಿಜ ಹೇಳಬೇಕೆಂದು ಡೆಲ್ಫೀನ್ ಬಾಯಿ ತೆರೆದಳು. ಟೀಸ್ಲಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಂಥ ಕೋಣೆಯಲ್ಲಿ ಆ ಹೆಸರು ಹೇಳಿದರೆ ಅವರ ಮುಖ ಹೇಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಣ್ಣಲ್ಲಿ ನೀರು ಬರುತ್ತದೆ, ಆಮೇಲೆ ಕೃತಜ್ಞತೆ ಬರುತ್ತದೆ.

"ಬೈಬಲ್ ಓದೋ ಗುಂಪು ಮೇಡಂ" ಎಂದಳು.

"ಯಾವ ಚರ್ಚಿಂದು? ನಮ್ಮ ಬೈಬಲ್ ಗುಂಪಲ್ಲಿ ಯಾರೂ 'ಹೆಂಡ್ತಿ ಇವತ್ತೂ ಕೊಂದಿಲ್ಲ' ಅಂತ ಬರೆಯಲ್ಲ."

"ನಮ್ಮ ಕಡೆಯೋರು ಸ್ವಲ್ಪ ಬಿಚ್ಚುಮನಸ್ಸಿನೋರು ಮೇಡಂ."

ಗ್ಯಾಡಿಸ್ ಕೆಮ್ಮಿದ. ನಕ್ಕನೋ ಕಡ್ಡಿ ನುಂಗಿದನೋ ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಹೊರಗೆ ಗಾಡಿಯೊಂದು ಜಲ್ಲಿಯ ಮೇಲೆ ಕರಕರನೆ ಬಂದು ನಿಂತಿತು. ಯಾರೋ ಓಡಿಬಂದರು. ಒಂದು ಕಾಲು ಎಳೆಯುತ್ತ ಓಡುವ ಆ ಹೆಜ್ಜೆಯ ಸದ್ದು ಯಾರದೆಂದು ಗುರುತಾದ ಕೂಡಲೆ, ಇಡೀ ಬೆಳಗು ತಾನು ಮರೆತದ್ದೇನು ಎಂಬುದು ಡೆಲ್ಫೀನಳಿಗೆ ಒಟ್ಟಿಗೇ ನೆನಪಾಯಿತು.

ಬಾಗಿಲು ಗೋಡೆಗೆ ಬಡಿಯಿತು. ಮೈಯೆಲ್ಲ ಟೈರಿನ ಮಸಿ ಮೆತ್ತಿಕೊಂಡ ಲೊಮ್ಯಾಕ್ಸ್ ಬಾಗಿಲ ತುಂಬ ನಿಂತಿದ್ದ. ಕೈ ತರಚಿ ರಕ್ತ ಬಂದಿತ್ತು. ಅವಳನ್ನು ನೋಡಿದವನೇ ಬಾಗಿಲ ಚೌಕಟ್ಟಿಗೆ ಒರಗಿದ.

"ಲೇ ಸಾರ್ಜೆಂಟು" ಎಂದ. "ಸತ್ತಿಲ್ವೇನೇ ನೀನು?"

"ಇಂಟರ್‌ವ್ಯೂ ನಡೀತಿದೆ ಲೊಮ್ಯಾಕ್ಸ್."

"ಹಾಜರಿ ಇಲ್ಲ. ಪುಟಾನೇ ಇಲ್ಲ. ಫೋನು ಆಫ್. ಬಾಗಿಲು ತಟ್ದೆ, ತೆಗೀಲಿಲ್ಲ. ಒಡೆದೆ. ಒಳಗೆ ಬರೀ ಬೆಕ್ಕು. ಪಕ್ಕದ ಮನೆಯೋರು, ಅವಳು ಅಂಗಿ ಇಸ್ತ್ರಿ ಮಾಡ್ಕೊಂಡು ಬಸ್ ಕಂಪನೀಗೆ ಹೋದ್ಲು ಅಂದ್ರು." ಅವನು ಕಿಸೆಯಿಂದ ಫೋನ್ ತೆಗೆದು ಎತ್ತರಿಸಿದ ದನಿಯಲ್ಲಿ ಹೇಳಿದ. "ಸಿಕ್ಕಿದ್ಲು. ಇದ್ದಾಳೆ."

ಫೋನಿನೊಳಗಿಂದ ರಿವಾಸ್‌ನ ಕೂಗು ಕೋಣೆಗೆಲ್ಲ ಕೇಳಿತು. "ಇದ್ದಾಳಾ? ಹಾಗಾದ್ರೆ ನಾನೇ ಬಂದು ಸಾಯಿಸ್ತೀನಿ ಅಂತ ಹೇಳು ಅವಳಿಗೆ! ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ ನಾನು!"

ಲೊಮ್ಯಾಕ್ಸ್ ಫೋನನ್ನು ಕಿಸೆಗೆ ತುರುಕಿದ. ಮಿಸೆಸ್ ಪ್ರೂವಿಟ್ ಕನ್ನಡಕ ಇಳಿಸಿದರು.

"ಬೈಬಲ್ ಗುಂಪು" ಎಂದರು.

ಡೆಲ್ಫೀನಳ ನಗೆ ಎಲ್ಲೋ ಕಳಚಿಬಿದ್ದಿತ್ತು. ಅದನ್ನು ಹುಡುಕುವ ಗೋಜಿಗೆ ಅವಳು ಹೋಗಲಿಲ್ಲ. ಲಾರಿಗಳ ಸಾಲು, ವೈರ್‌ಲೆಸ್ಸು, ಟೀಸ್ಲಿ, ನೆಲಕ್ಕೆ ಬಿದ್ದ ಅಂಚೆ ಎಲ್ಲವನ್ನೂ ಬಾಡಿಗೆ ಗಾಡಿಯವನಿಗೆ ದಾರಿ ಹೇಳುವಷ್ಟು ಸರಳವಾಗಿ ಹೇಳಿದಳು. "ಆ ತಮಾಷೆಗಳು ಅದಕ್ಕೇ ಮೇಡಂ. ಬರೀ 'ಇದ್ದೀನಿ' ಅಂತ ಬರೆದ್ರೆ ನಂಗೆ ಅನುಮಾನ ಬರತ್ತೆ. ತಮಾಷೆ ಮಾಡಿದ್ರೆ ಅವತ್ತಿನ ಮಟ್ಟಿಗೆ ಚೆನ್ನಾಗಿದಾನೆ ಅಂತ ಲೆಕ್ಕ" ಎಂದಳು.

ಗ್ಯಾಡಿಸ್ ಲೊಮ್ಯಾಕ್ಸ್ ಕಡೆ ತಿರುಗಿದ. "ನಾಲ್ಕು ಟೈರಿಗೆ ಅಲೈನ್‌ಮೆಂಟ್ ಪುಕ್ಕಟೆ ಅನ್ನೋದು ನಿಜಾನಾ?"

"ಬಸ್ಸಿಗಿಲ್ಲ ಯಜಮಾನ್ರೆ. ಕಾರಿಗೆ ಮಾತ್ರ."

"ಕೇಳಿದೆ ಅಷ್ಟೆ."

ಮಿಸೆಸ್ ಪ್ರೂವಿಟ್ ಹಾಳೆಗಳ ಅಂಚನ್ನು ಮೇಜಿಗೆ ತಟ್ಟಿ ಸಮ ಮಾಡಿದರು. ಅವರ ದನಿ ಈಗ ಮೊದಲಿನಷ್ಟು ಬಿಗಿಯಾಗಿರಲಿಲ್ಲ. "ಡೆಲ್ಫೀನ್, ನನಗೆ ಅರ್ಥ ಆಯ್ತು. ಆದ್ರೆ ನಾವು ಒಯ್ಯೋದು ಮಕ್ಕಳನ್ನ. ಯಾವುದೋ ತಾಯಿ ನಿಮ್ಮ ಹೆಸರು ಹುಡುಕ್ತಾಳೆ, ಬದುಕಿದೀನಿ ಸತ್ತಿಲ್ಲ ಅಂತ ಓದ್ತಾಳೆ, ಫೋನು ನನಗೆ ಬರತ್ತೆ. ಪ್ರತಿಯೊಬ್ಬರಿಗೂ ಈ ಕತೆ ಹೇಳೋಕೆ ನನ್ನಿಂದಾಗಲ್ಲ. ಪುಟ ಈಗ ಮರೆಯಾಗಿದೆಯಲ್ಲ, ಹಾಗೇ ಇರ್ಲಿ. ಸೋಮವಾರ ಕೆಲಸಕ್ಕೆ ಬನ್ನಿ."

ಆ ಮಾತು ಕಿವಿಗೆ ಬಿದ್ದಾಗ ಡೆಲ್ಫೀನ್ ಕುರ್ಚಿಯಲ್ಲಿ ನೆಟ್ಟಗಾದಳು. ಸೋಮವಾರ! ವೈರ್‌ಲೆಸ್ಸು, ಹಳದಿ ಬಸ್ಸು, ತನ್ನದೇ ಕುರ್ಚಿ. ಅವಳು ಲೊಮ್ಯಾಕ್ಸ್‌ನ ಮುಖ ನೋಡಿದಳು.

"ಹೂಂ ಅನ್ನು ಸಾರ್ಜೆಂಟು" ಎಂದ ಅವನು. "ನಾವು ಹೇಗೋ ಮಾಡ್ಕೋತೀವಿ."

ಹೇಗೋ ಮಾಡಿಕೊಳ್ಳುತ್ತೇನೆ. ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಟೀಸ್ಲಿಯೂ ಇದನ್ನೇ ಅಂದಿದ್ದ, ಚೀಲ ಹೆಗಲಿಗೇರಿಸಿಕೊಂಡು, ನಗುತ್ತ. ಆಗ ಅವಳು ಅದನ್ನು ನಂಬಿದ್ದಳು.

ಫೋನ್ ಆನ್ ಮಾಡಿದಳು. ತಪ್ಪಿದ ಕರೆಗಳೆಲ್ಲ ಒಟ್ಟಿಗೆ ನುಗ್ಗಿ ಅದು ಮೇಜಿನ ಮೇಲೆ ಕಪ್ಪೆಯಂತೆ ಕುಪ್ಪಳಿಸಿತು. ಮಿಸೆಸ್ ಪ್ರೂವಿಟ್ ನೋಡುತ್ತಿದ್ದ ಹಾಗೆಯೇ ಪುಟವನ್ನು ತೆರೆದು, ಒಂದು ಬೆರಳಿನಿಂದ ಬರೆದಳು. 'ಹಾಜರಿ ತಡವಾಯಿತು. ತಪ್ಪು ನನ್ನದು. ಯಾರ್ಯಾರು ಬದುಕಿದೀರಿ, ಹೇಳಿ.' ಆಮೇಲೆ ಎದ್ದು ನಿಂತು ಇಬ್ಬರ ಕೈಯನ್ನೂ ಕುಲುಕಿದಳು.

"ಕೃತಜ್ಞತೆ" ಎಂದಳು. ಈ ಸಲ ಅದನ್ನು ಹೇಳುವ ಸರದಿ ತನ್ನದು ಎನ್ನಿಸಿತು.

ಹೊರಗೆ ಬಂದು ಲೊಮ್ಯಾಕ್ಸ್‌ನ ಗಾಡಿಯಲ್ಲಿ ಕೂತ ಮೇಲೆ ಅವಳ ಶೌರ್ಯವೆಲ್ಲ ಇಳಿದುಹೋಯಿತು. ಮೊದಲ ಕೂಡುರಸ್ತೆಯ ಕೆಂಪು ದೀಪದ ಹತ್ತಿರ ತಲೆ ಚಚ್ಚಿಕೊಂಡಳು.

"ಅಲ್ವೋ, ಬಸ್ಸೊಂದು ಉತ್ತರ ಕೊಡದಿದ್ರೆ ಏನ್ಮಾಡ್ತೀನಿ ಅಂತ ಅವ್ರಿಗೆ ಹೇಳ್ಬೇಕಿತ್ತು! ಅದೇ ಅಲ್ವಾ ಆ ಕೆಲಸ! ಅಲ್ಲಿ ಕೂತು ಸುಣ್ಣ ಬಣ್ಣ ಅಂತ ಹೇಳಿದೆನಲ್ಲ, ಮೂರ್ಖಿ!"

"ವಾಪಸ್ ಹೋಗೋಣ್ವಾ?"

"ಬೇಡ. ಅಲ್ಲಿ ಹೋದ್ರೆ ಅದೂ ಮರ್ತುಹೋಗತ್ತೆ."

ವಾರದ ಕೊನೆಗೆ ಮಿಸೆಸ್ ಪ್ರೂವಿಟ್ ತಾವೇ ಫೋನ್ ಮಾಡಿದರು. ಅಷ್ಟು ದೊಡ್ಡತನ ಹಿಂದಿನ ಯಾರೂ ತೋರಿಸಿರಲಿಲ್ಲ.

"ಯಜಮಾನರ ಹೆಂಡತಿಯ ತಮ್ಮನಿಗೆ ಕೊಟ್ವಿ. ನಿಮಗೆ ಬೇರೆಯೋರಿಂದ ಗೊತ್ತಾಗೋದು ಬೇಡ ಅಂತ ಮಾಡಿದೆ."

"ಅವನ ಪುಟ ಹೇಗಿದೆ ಮೇಡಂ?"

"ಬರೀ ಮೀನು. ಗಾಳ ಹಾಕ್ತಾನೆ, ಹಿಡೀತಾನೆ, ಕೈಲಿ ಎತ್ತಿ ತೋರಿಸ್ತಾನೆ."

"ಮೀನು ಬದುಕಿರತ್ತಾ?"

"ಏನಂದ್ರಿ?"

"ಏನಿಲ್ಲ ಮೇಡಂ. ಫೋನ್ ಮಾಡಿದ್ದು ಒಳ್ಳೇದಾಯ್ತು."

ಆ ಶನಿವಾರ ಲೊಮ್ಯಾಕ್ಸ್ ಸಲಕರಣೆ ಚೀಲ ತಂದು ಚಿಕ್ಕಮ್ಮನ ಹಿಂಬಾಗಿಲ ಮುಂದೆ ಕೂತ. ಒಡೆದವನೇ ಕೂಡಿಸಿಕೊಡಬೇಕು ಎಂದು ಓಪಲ್ ಚಿಕ್ಕಮ್ಮ ಅಪ್ಪಣೆ ಮಾಡಿದ್ದಳು. ಚೆನ್ನಾಗಿ ಕೂದಲು ಸುರುಳಿ ಮಾಡಿಸಿಕೊಂಡು ಬಂದಾಗ ಮನೆಯ ಬಾಗಿಲು ಅಂಗಳದಲ್ಲಿ ಬಿದ್ದಿದ್ದುದನ್ನು ಕಂಡ ಕೋಪ ಅವಳಿಗಿನ್ನೂ ಆರಿರಲಿಲ್ಲ. ಅಡುಗೆಮನೆಯಿಂದಲೇ ಗದರುತ್ತಿದ್ದಳು. "ಅಕ್ಕನ ಮಗಳು ಸತ್ತಿದಾಳೆ ಅಂತ ಬಂದೋನು ಬಾಗಿಲು ಒಡೆದ, ಅದು ಸರಿ. ಹೂವಿನ ಕುಂಡ ಏನು ಮಾಡಿತ್ತು ನಿನಗೆ?"

"ದಾರೀಲಿತ್ತು ಓಪಲಮ್ಮ."

ಡೆಲ್ಫೀನ್ ಬಾಗಿಲನ್ನು ಎತ್ತಿ ಹಿಡಿದುಕೊಂಡು ನಿಂತಿದ್ದಳು. ಲೊಮ್ಯಾಕ್ಸ್ ಸ್ಕ್ರೂ ತಿರುಗಿಸುತ್ತ, ತಲೆ ಎತ್ತದೆ, ದನಿಯನ್ನು ಮಿಸೆಸ್ ಪ್ರೂವಿಟ್ ಹಾಗೆ ಮಾಡಿ ಕೇಳಿದ.

"ನಿಮ್ಮಲ್ಲಿರೋ ದೊಡ್ಡ ಕುಂದು ಏನು?"

"ನಿನ್ನಂಥವನಿಗೆ ಸಾರ್ಜೆಂಟ್ ಆಗಿದ್ದದ್ದು."

"ಕಷ್ಟದ ಗಿರಾಕಿ ಬಂದ್ರೆ ಹೇಗೆ ನಿಭಾಯಿಸ್ತೀರಿ?"

"ಬಿಸ್ಕತ್ತು ಕೊಡ್ತೀನಿ."

"ಲೆಕ್ಕ ಬರತ್ತಾ? ಅವತ್ತು ಅಂಗಡಿ ಮುಚ್ಚಿ ಓಡಿಬಂದೆನಲ್ಲ, ವಾಪಸ್ ಹೋಗೋ ಹೊತ್ತಿಗೆ ಮೂರು ಗಿರಾಕಿ ಬೈಕೊಂಡು ಹೊರಟುಹೋಗಿದ್ರು. ಕೌಂಟರಲ್ಲಿ ಒಬ್ರು ಇದ್ದಿದ್ರೆ ಹೀಗಾಗ್ತಿರಲಿಲ್ಲ."

ಡೆಲ್ಫೀನ್ ಬಾಗಿಲ ಅಂಚಿನಿಂದ ಇಣುಕಿ ಅವನನ್ನು ನೋಡಿದಳು. ಅವನು ಆಟ ಬಿಟ್ಟಿದ್ದ. ಕಿವಿ ಕೆಂಪಾಗಿತ್ತು, ಸ್ಕ್ರೂ ಒಳಗೆ ಹೋದ ಮೇಲೂ ತಿರುಗಿಸುತ್ತಲೇ ಇದ್ದ. ಅವನ ಅಂಗಡಿಗೆ ಜನ ಬೇಕೆಂದು ಊರಿಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ತನ್ನ ಸಾರ್ಜೆಂಟನ್ನು ಟೈರ್ ಮಾರಲು ಕರೆಯುವುದು ಹೇಗೆ ಎಂದು ಅಳುಕಿ ಅವನು ಕೇಳಿರಲಿಲ್ಲ. ಹಿಂದೆ ತಾನು ಯಾರ ಬೂಟು ತಪಾಸಣೆ ಮಾಡುತ್ತಿದ್ದಳೋ ಅವನ ಹತ್ತಿರ ಕೆಲಸ ಬೇಡುವುದು ಹೇಗೆ ಎಂದು ಅಳುಕಿ ಅವಳು ಕೇಳಿರಲಿಲ್ಲ. ಆ ಮರ್ಯಾದೆಯನ್ನು ಹೊತ್ತುಕೊಂಡು ಕೋಳಿ ಕಾರ್ಖಾನೆಯವರೆಗೂ ಹೋಗಿಬಂದಿದ್ದಳು.

"ಬಸ್ ಕಂಪನಿಯೋರಷ್ಟು ಕೊಡೋಕಾಗಲ್ಲ" ಎಂದ ಅವನು ಸ್ಕ್ರೂಗೆ.

"ನನ್ನ ಪುಟ ನೋಡಿದೀಯಾ? ಎಲ್ಲರೂ ನೋಡೇ ತಗೊಳ್ಳೋದು ಈಗ."

"ನಾಲ್ಕು ವರ್ಷದಿಂದ ದಿನಾ ನೋಡಿದೀನಿ. ಬೆಕ್ಕೂ ನೋಡಿದೀನಿ."

"ಬಿಸ್ಕತ್ತು ನೋಡಿದ ಮೇಲೂ ತಗೋತೀಯಾ?"

"ಟೈರ್ ಅಂಗಡಿಯಲ್ವಾ. ಗಟ್ಟಿ ಇದ್ದಷ್ಟೂ ಒಳ್ಳೇದು." ಅವನು ಈಗ ತಲೆ ಎತ್ತಿದ. "ಆದ್ರೆ ಒಂದು ಮಾತು. ಅಂಗಡೀಲಿ ಯಜಮಾನ ನಾನು. ಗಿರಾಕಿ ಮುಂದೆ ಕೂಗಾಡೋ ಹಾಗಿಲ್ಲ, ನನ್ನ ಬೂಟು ನೋಡೋ ಹಾಗಿಲ್ಲ. ಸರ್ ಅನ್ಬೇಕು."

ಡೆಲ್ಫೀನ್ ಬಾಗಿಲನ್ನೊಮ್ಮೆ ಮೆಲ್ಲಗೆ ತಳ್ಳಿ ನೋಡಿದಳು. ಅದು ಅರ್ಧ ತೆರೆದು ಗೋಡೆಗೆ ಕಚ್ಚಿಕೊಂಡು ನಿಂತಿತು.

"ಕೀಲು ತಲೆಕೆಳಗು ಹಾಕಿದೀರಿ ಸರ್" ಎಂದಳು.

ಅವನು ಬೈದುಕೊಂಡು ಸ್ಕ್ರೂ ಬಿಚ್ಚತೊಡಗಿದ. ಅವಳು ಬಾಗಿಲನ್ನು ಮತ್ತೆ ಎತ್ತಿ ಹಿಡಿದಳು. ಸೊಂಟ ನೋಯುತ್ತಿತ್ತು, ಆದರೂ ಅವನು ಮುಗಿಸುವವರೆಗೆ ಕೆಳಗಿಳಿಸಲಿಲ್ಲ.